ಮೂವತ್ತೇಳು ಪ್ರಶ್ನೆಗಳು

"ಮೂವತ್ತೇಳು! ನನ್ನ ಕೋಡ್‌ನಲ್ಲಿ ಮೂವತ್ತೇಳು ತಪ್ಪಾ?"

ಶರ್ವರಿ ಅವಲಕ್ಕಿಯ ತಟ್ಟೆ ಹಿಡಿದೇ ಮಂದಾರ್‌ನ ಮೇಜಿನ ಮುಂದೆ ನಿಂತಿದ್ದಳು. ಪುಣೆಯ ಆ ಸಾಫ್ಟ್‌ವೇರ್ ಆಫೀಸಿಗೆ ಸೇರಿ ಎರಡು ತಿಂಗಳಾಗಿತ್ತು. ಈ ಮನುಷ್ಯನ ಜೊತೆ ಇದೇ ಮೊದಲ ಮಾತು!

ಮಂದಾರ್ ಕನ್ನಡಕ ಸರಿಮಾಡಿಕೊಂಡ. "ತಪ್ಪಲ್ಲ ರೀ... ಸುಮ್ನೆ ಕೇಳಿದ್ದು."

"ಬೇರೆಯವರಿಗೆಲ್ಲ ಎರಡು ಸಾಲು ಬರೆದು ಓಕೆ ಅಂತೀರಿ. ನಾನೇನು ಬಿಟ್ಟಿ ಸಿಕ್ಕಿದ್ನಾ?"

ಅಕ್ಕಪಕ್ಕದವರು ಕಿಸಕ್ಕನೆ ನಕ್ಕರು. ಅವನು ಮುಖ ಬಾಡಿಸಿಕೊಂಡು ಕಂಪ್ಯೂಟರ್ ಕಡೆ ತಿರುಗಿದ. ಅದು ಅವಳನ್ನು ಇನ್ನೂ ಉರಿಸಿತು.

ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೇ ಅದು ಮುಂದೆ ಹೋಗುವುದು ಆ ತಂಡದ ಪದ್ಧತಿ. ಅವಳದನ್ನು ಓದಿ ಮಂದಾರ್ ಮೂವತ್ತೇಳು ಟಿಪ್ಪಣಿ ಬರೆದಿದ್ದ. ಇನ್ನು ಇವನ ಕೈಗೆ ಸಿಗಬಾರದು! ತಂಡ ಬದಲಿಸಿಕೊಡಿ ಎಂದು ಮ್ಯಾನೇಜರ್‌ಗೆ ಪತ್ರ ಬರೆದಿಟ್ಟಳು. ಕಳಿಸುವುದಷ್ಟೇ ಬಾಕಿ. ಆದರೆ ಅವನ ಬಾಡಿದ ಮುಖ ಏಕೆ ಕಣ್ಣ ಮುಂದೆ ಬರಬೇಕು?

ಮರುದಿನ ಅವನ ಕೋಡೇ ಓದಲು ಅವಳ ಪಾಲಿಗೆ ಬಂತು. ಡಯಾಲಿಸಿಸ್‌ಗೆ ಸಮಯ ಕಾಯ್ದಿರಿಸುವ ಆ್ಯಪ್.

'ಸಿಕ್ಕಿದ್ಯಾ ಮಗನೇ!' ಊಟಕ್ಕೂ ಏಳದೆ ಹುಳುಕು ಹುಡುಕಿದಳು. ಸಿಕ್ಕೇ ಬಿಟ್ಟಿತು. ಒಬ್ಬ ರೋಗಿ ತನ್ನ ಸರದಿ ರದ್ದು ಮಾಡಿದರೆ ಮುಂದಿನವರದೂ ಅಳಿಸಿಹೋಗುತ್ತಿತ್ತು!

"ಇಷ್ಟೂ ಗೊತ್ತಾಗಲ್ವಾ ನಿಮಗೆ?" ಎಂದು ಟೈಪ್ ಮಾಡಿದಳು. ಅವನ ಧಾಟಿಯಲ್ಲೇ ಇನ್ನಷ್ಟು ಕೊಡೋಣವೆಂದು ಅವನ ಟಿಪ್ಪಣಿಗಳನ್ನು ತೆರೆದಳು. ಹಿಂದಿನ ದಿನ ಐದನೆಯದಕ್ಕೇ ಸಿಟ್ಟಾಗಿ ಮುಚ್ಚಿದ್ದಳಲ್ಲ!

'ಹೀಗೆ ಮಾಡಿದ್ದು ಏಕೆ? ನನಗೆ ತಿಳಿಯಲಿಲ್ಲ.'

'ವಯಸ್ಸಾದವರು ಬಟನ್ ಎರಡು ಸಲ ಒತ್ತಿಬಿಟ್ಟರೆ?'

ಇಪ್ಪತ್ತೊಂಬತ್ತನೆಯದು... 'ಇದು ನನಗೆ ಹೊಳೆದೇ ಇರಲಿಲ್ಲ. ನಿಮ್ಮಿಂದ ಕಲಿತೆ.'

ಒಂದರಲ್ಲೂ ಅವಳನ್ನು ಜರೆದಿರಲಿಲ್ಲ. ಕೋಡ್ ಬಗ್ಗೆಯಷ್ಟೇ ಕೇಳಿದ್ದ. ಶರ್ವರಿಗೆ ನಾಚಿಕೆಯಾಯಿತು. ಬರೆದದ್ದನ್ನು ಅಳಿಸಿ, 'ಇಲ್ಲಿ ಮುಂದಿನ ರೋಗಿಯ ಸರದಿ ಏನಾಗುತ್ತೆ? ಒಟ್ಟಿಗೆ ನೋಡೋಣವಾ?' ಎಂದು ಕಳಿಸಿದಳು.

ಎರಡೇ ನಿಮಿಷ! ಮಂದಾರ್ ಅವಳ ಮೇಜಿನ ಬಳಿ ಓಡಿ ಬಂದಿದ್ದ.

"ನಮ್ಮ ಆಯಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗ್ತಾಳೆ. ಅವಳ ಸರದಿಯೂ ಹೀಗೇ ಹೋಗಿದ್ರೆ..." ತಾಯಿಯ ಮಾತು ಬಂದೊಡನೆ ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಸೀನಿಯರ್ ಅಂತ ನನ್ನ ಕೋಡ್ ಯಾರೂ ಓದೋದೇ ಇಲ್ಲ. ನೋಡದೇ ಓಕೆ ಅಂದ್ಬಿಡ್ತಾರೆ."

"ನನ್ನದನ್ನ ಮಾತ್ರ ಅಷ್ಟು ಯಾಕೆ ಓದಿದ್ರಿ?"

"ಮೊದಲ ಸಲ ಕೆಲಸಕ್ಕೆ ಓದಿದೆ."

"ಆಮೇಲೆ?"

ಅವನ ಕಿವಿ ಕೆಂಪಾಯಿತು. "ಇಷ್ಟ ಆಗಿ... ನೀವು ಇಷ್ಟ ಆಗಿ."

ಶರ್ವರಿ ಅವನೆದುರೇ ತಂಡ ಬದಲಿಸುವ ಆ ಪತ್ರ ತೆರೆದು ಅಳಿಸಿಹಾಕಿದಳು.

"ಒಪ್ಪಿದ್ರಾ?"

"ಅಷ್ಟು ಸುಲಭಾನಾ? ನನ್ನದೂ ಮೂವತ್ತೇಳು ಪ್ರಶ್ನೆ ಇವೆ."

"ಕೇಳಿ..."

"ಮೊದಲ್ನೇದು... ಆಯಿನ ನೋಡೋಕೆ ಯಾವಾಗ ಕರ್ಕೊಂಡು ಹೋಗ್ತೀರಿ?"