ಹಿತ್ತಲ ಬಾಗಿಲ ಒದ್ದೆ ಗೋಣಿ

ಮೇಜಿನ ಮೇಲೆಲ್ಲ ಬೂದು ಧೂಳು. ನಡುವೆ ಅಂಗೈಯಗಲದ ಒಂದು ಜಾಗ ಮಾತ್ರ ಒರೆಸಿಟ್ಟ ಹಾಗೆ ಚೊಕ್ಕವಾಗಿತ್ತು.

ಸಬ್ ಇನ್‌ಸ್ಪೆಕ್ಟರ್ ಶಶಿರೇಖ ಆ ಜಾಗವನ್ನೇ ನೋಡುತ್ತ ನಿಂತಳು.

"ಹಾರ್ಡ್ ಡಿಸ್ಕ್ ಅಲ್ಲೇ ಇತ್ತು ಮೇಡಂ," ಎಂದಳು ಪ್ರೇರಣಾ. ಸಿನಿಮಾ ಅವಳದು. ಕಣ್ಣು ಕೆಂಪಗಾಗಿದ್ದವು, ಅತ್ತಿರಲಿಲ್ಲ. "ಇಡೀ ಸಿನಿಮಾ ಅದರೊಳಗಿದೆ."

"ಇನ್ನೊಂದು ಕಾಪಿ?"

ಪ್ರೇರಣಾ ಕ್ಯಾಮೆರಾದ ಅನಿರುದ್ಧನ ಮುಖ ನೋಡಿದಳು. ಅನಿರುದ್ಧ ಚಾವಣಿ ನೋಡಿದ.

"ಎರಡನೇ ಡಿಸ್ಕಿನ ದುಡ್ಡು ರೈಲ್ವೆ ಸ್ಟೇಷನ್‌ನಲ್ಲಿ ಶೂಟಿಂಗ್ ಮಾಡೋ ಪರ್ಮಿಷನ್ನಿಗೆ ಹೋಯ್ತು," ಎಂದ. "ಕ್ಯಾಮೆರಾ ಕಾರ್ಡುಗಳನ್ನ ಅಳಿಸಿ ಅಳಿಸಿ ಮತ್ತೆ ಬಳಸಿದೀವಿ."

ಮನೆ ವೆಂಕಟಮ್ಮನದು. ಊರಿಗಾಂನ ಹಳೇ ಚಿನ್ನದ ಗಣಿ ಕಾರ್ಮಿಕರ ಲೈನಿನ ಸಾಲುಮನೆಗಳಲ್ಲಿ ಕೊನೆಯದು. ಅದರ ಹಿತ್ತಲು ದಾಟಿದರೆ ಸೈನೈಡ್ ಗುಡ್ಡ. ಚಿನ್ನ ತೆಗೆದು ಬಿಸಾಕಿದ ಮಣ್ಣು ಗುಡ್ಡವಾಗಿ ನಿಂತಿದೆ, ಆಷಾಢದ ಗಾಳಿ ಎದ್ದರೆ ಊರಿನ ಮೇಲೆಲ್ಲ ಸುರಿಯುತ್ತದೆ. ಮುದುಕಿ ಮುಂದಿನ ಕೋಣೆಯನ್ನು ಸಿನಿಮಾದವರಿಗೆ ಬಾಡಿಗೆಗೆ ಬಿಟ್ಟಿದ್ದಳು.

ಆ ಸಿನಿಮಾಕ್ಕೆ ನಿರ್ಮಾಪಕ ಅಂತ ಒಬ್ಬನಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಮನವಿ ಹಾಕಿ, ಬಂಗಾರಪೇಟೆಯ ಒಂದು ಚಾಟ್ ಅಂಗಡಿಯ ಕೌಂಟರಿನ ಮೇಲೆ ಡಬ್ಬಿ ಇಟ್ಟು ಸೇರಿಸಿದ ಹಣ. ಕಾರ್ಖಾನೆಗಳಲ್ಲಿ ದುಡಿಯುವವರು ಹಾಕಿದ್ದರು, ಸ್ಟೇಷನ್ನಿನ ಕೂಲಿಗಳು ಹಾಕಿದ್ದರು, ಗಣಿ ಮುಚ್ಚಿದ ಮೇಲೆ ಪರದೇಶ ಸೇರಿದ ಲೈನಿನ ಮಕ್ಕಳೂ ಕಳಿಸಿದ್ದರು. ಕಥೆ ನೇಪಾಳದಿಂದ ಬಂದು ಅದೇ ಚಾಟ್ ಅಂಗಡಿಯಲ್ಲಿ ಪೂರಿ ಕರಿಯುವ ಟೇಕ್ ಬಹದ್ದೂರನದು. ತೆರೆಯ ಮೇಲೂ ಅವನೇ. ಹಣ ಕೊಟ್ಟವರಿಗೆಲ್ಲ ಭಾನುವಾರ ಇದೇ ಲೈನಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತೋರಿಸುವುದೆಂದು ಮಾತಾಗಿತ್ತು. ಇವತ್ತು ಶುಕ್ರವಾರ.

"ಬೀಗ ಒಡೆದಿಲ್ಲ," ಎಂದಳು ಶಶಿರೇಖ. "ಕೀ ಎಲ್ಲಿತ್ತು?"

"ಮೀಟರ್ ಬಾಕ್ಸಲ್ಲಿ."

"ಯಾರ‍್ಯಾರಿಗೆ ಗೊತ್ತು?"

"ಯಾರ‍್ಗೊತ್ತಿಲ್ಲ ಅಂತ ಕೇಳಮ್ಮಣ್ಣಿ," ಎಂದಳು ವೆಂಕಟಮ್ಮ. "ಈ ಉಡ್ಗಿ ದಿನಾ ಫೋನಾಗೆ 'ಕೀ ಮೀಟ್ರು ಬಾಕ್ಸಾಗಿದೆ' ಅಂತ ಕಿರುಚ್ತಾಳೆ. ಆಂಡರ್ಸನ್‌ಪೇಟೆಗೂ ಕೇಳ್ಸತ್ತೆ."

ಬೆಳಿಗ್ಗೆ ಸಿನಿಮಾದವರು ಕೊನೆಯ ಒಂದೆರಡು ಶಾಟಿಗೆಂದು ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿದ್ದರು. ಮುದುಕಿ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿಗೆ. ಗಾಳಿ ಎದ್ದದ್ದು ಮಧ್ಯಾಹ್ನ. ಡಿಸ್ಕಿನ ಸುತ್ತ ಧೂಳು ಬಿದ್ದಿದೆ, ಅಡಿಯಲ್ಲಿ ಬಿದ್ದಿಲ್ಲ. ಅಂದರೆ ಗಾಳಿ ಎದ್ದಾಗ ಡಿಸ್ಕ್ ಮೇಜಿನ ಮೇಲೇ ಇತ್ತು. ಕಳ್ಳ ಬಂದದ್ದು ಆಮೇಲೆ, ಇಲ್ಲವೇ ಧೂಳು ಬೀಳುವಾಗ ಅವನೂ ಒಳಗೇ ಇದ್ದ.

ಶಶಿರೇಖ ಹಿಂದಿನ ಕೋಣೆಗೆ ಹೋದಳು. ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ. ಬಾಗಿಲ ಕೆಳಗಿನ ಸಂದಿಗೆ ಮಡಚಿದ ಗೋಣಿಯೊಂದನ್ನು ಒತ್ತಿ ತುರುಕಿದ್ದರು. ಎರಡೂ ತುದಿ ಒಳಕ್ಕೆ ಸುತ್ತಿ, ಅಂದವಾಗಿ. ಮುಟ್ಟಿ ನೋಡಿದಳು. ಇನ್ನೂ ಒದ್ದೆ.

"ಇದನ್ನ ಹಾಕಿದ್ದು ಯಾರು?"

"ಈ ಉಡ್ಗೀನೆ," ಎಂದಳು ವೆಂಕಟಮ್ಮ. "ಗಾಳಿ ದಿನ ಗೋಣಿ ನೆನ್ಸಿ ಆಕಮ್ಮ ಅಂತ ಬಡ್ಕಂಡು ಬಡ್ಕಂಡು ಸಾಕಾಗಿತ್ತು. ಇವತ್ತಾದ್ರೂ ಬುದ್ಧಿ ಬಂತಲ್ಲ ಅಂದ್ಕಂಡೆ."

"ನಾನು ಹಾಕಿಲ್ಲ ಅಜ್ಜಿ," ಎಂದಳು ಪ್ರೇರಣಾ. "ನೀವೇ ಹಾಕಿ ಹೋಗಿದೀರ ಅಂದುಕೊಂಡೆ."

"ನಾ ಓಗೋವಾಗ ಗಾಳೀನೇ ಇರ‍್ಲಿಲ್ವಲ್ಲೇ."

ಶಶಿರೇಖ ಗೋಣಿಯ ಮಡಿಕೆಯನ್ನು ತನ್ನ ಫೋನಿನಲ್ಲಿ ಫೋಟೋ ತೆಗೆದುಕೊಂಡಳು.

* * *

ಬಂಗಾರಪೇಟೆಯ ಚಾಟ್ ಅಂಗಡಿಯ ಮುಂದೆ ಸಂಜೆಯ ಜನ. ತಟ್ಟೆಗಳ ಸದ್ದು. ಇಲ್ಲಿನ ಪಾನಿ ನೀರಿನಷ್ಟೇ ತಿಳಿ, ಬಾಯಿಗಿಟ್ಟ ಮೇಲೆಯೇ ಖಾರ ಗೊತ್ತಾಗುವುದು. ಗೋಡೆಯ ಮೇಲೆ ಸಿನಿಮಾದ ಪೋಸ್ಟರ್. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ 'ಮಹಾಪೋಷಕರು: ಶ್ರೀನಿವಾಸಪ್ಪ'. ಅಂಗಡಿಯ ಸಾಹುಕಾರರು ಅವರೇ. ಎಲ್ಲರಿಗಿಂತ ಹೆಚ್ಚು ಹಣ ಕೊಟ್ಟವರೂ ಅವರೇ.

"ನನಗೂ ನಷ್ಟವೇ ಮೇಡಂ," ಎಂದರು ಶ್ರೀನಿವಾಸಪ್ಪ. ಬಿಳಿ ಅಂಗಿ, ಅಳೆದು ಆಡುವ ಮಾತು. "ಹೇಳಬಾರದು, ಆದರೂ ಹೇಳುತ್ತೇನೆ. ಬಹದ್ದೂರ ಮಧ್ಯಾಹ್ನ ಅಂಗಡಿಯಲ್ಲಿ ಇರಲಿಲ್ಲ. ಎಲ್ಲಿಗೆ ಹೋಗಿದ್ದೆ ಅಂದರೆ ಬಾಯಿ ಬಿಡಲಿಲ್ಲ. ಸಿನಿಮಾದವರು ತನಗೆ ಏನೂ ಕೊಡಲಿಲ್ಲ ಎಂಬ ಕೋಪ ಇರಬಹುದು."

"ನೀವು?"

"ನಾನು ಇಲ್ಲೇ ಇದ್ದೆ. ಒಬ್ಬನೇ. ಈರುಳ್ಳಿ ಹೆಚ್ಚುವುದಕ್ಕೂ ಜನ ಇರಲಿಲ್ಲ."

"ಊರಿಗಾಂ ಮನೆಗೆ ನೀವು ಹೋಗಿದ್ದುಂಟಾ?"

"ಇಲ್ಲಮ್ಮ. ನಾವು ಬಂಗಾರಪೇಟೆಯವರು. ಆ ಲೈನುಗಳ ಕಡೆ ನಾನು ಯಾವತ್ತೂ ಕಾಲಿಟ್ಟವನಲ್ಲ."

ಒಳಗೆ ಟೇಕ್ ಬಹದ್ದೂರ ಕಡಾಯಿಯ ಮುಂದೆ ನಿಂತಿದ್ದ. ಆ ಸೆಕೆಯಲ್ಲೂ ತುಂಬು ತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿತ್ತು. ಶಶಿರೇಖ ಕರೆದಾಗ ಒಲೆ ಆರಿಸಿ, ಕೈ ಒರೆಸಿಕೊಂಡು, ಏನೂ ಕೇಳದೆ ಬಂದು ಜೀಪು ಹತ್ತಿದ.

"ಏನ್ಲಾ, ಸಿನಿಮಾ ಈರೋ ಜೈಲಿಗೆ ಓಯ್ತಾವ್ನಾ?" ಎಂದ ತಟ್ಟೆ ಹಿಡಿದಿದ್ದವನೊಬ್ಬ.

"ಪಾರ್ಟ್ ಟೂ ಅಲ್ಲೇ ತೆಗೀತಾರೆ ಕಣ್ಲಾ," ಎಂದ ಇನ್ನೊಬ್ಬ.

ನಕ್ಕರು. ಟೇಕ್ ಬಹದ್ದೂರ ತಲೆ ಎತ್ತಲಿಲ್ಲ.

* * *

ಶಶಿರೇಖ ಅವನನ್ನು ಸ್ಟೇಷನ್ನಿಗೆ ಕರೆದೊಯ್ಯಲಿಲ್ಲ. ನೇರ ವೆಂಕಟಮ್ಮನ ಮನೆಗೆ ತಂದಳು. ಗಾಳಿ ಇನ್ನೂ ಬೀಸುತ್ತಿತ್ತು. ಗೋಣಿಯನ್ನು ಮೊದಲೇ ತೆಗೆಸಿ ನೀರಿನ ಡ್ರಮ್ಮಿನ ಹಿಂದೆ ಹಾಕಿಸಿದ್ದಳು. ಲೈನಿನ ಮನೆಗಳಲ್ಲಿ ಅದರ ಜಾಗ ಅದೇ.

"ಧೂಳು ಬರ್ತಿದೆ. ಸ್ವಲ್ಪ ನೋಡಪ್ಪ," ಎಂದಳು.

ಟೇಕ್ ಬಹದ್ದೂರ ಹಿತ್ತಲ ಬಾಗಿಲನ್ನು ಎಳೆದು ನೋಡಿದ. ಚಿಲಕ ಬಿಗಿಮಾಡಿದ. ಸಂದಿಯಿಂದ ಧೂಳು ನುಗ್ಗುತ್ತಲೇ ಇತ್ತು. ಅತ್ತಿತ್ತ ಹುಡುಕಿ, ಏನೂ ಕಾಣದೆ, ಒಂದು ಹಳೇ ಪೇಪರನ್ನು ಸಂದಿಗೆ ಇಟ್ಟ. ಗಾಳಿ ಅದನ್ನು ಅವನ ಕಾಲಿಗೇ ತಂದೆಸೆಯಿತು.

ಶಶಿರೇಖಳ ಮುಖದ ಬಿಗಿ ಸಡಿಲಾಯಿತು. "ಕೂತ್ಕೋ. ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ?"

ಅವನು ಪ್ರೇರಣಾಳನ್ನು ನೋಡಿದ. ಅವಳು ಹೇಳು ಎಂಬಂತೆ ತಲೆಯಾಡಿಸಿದಳು.

"ಕೋಲಾರ. ಬೇರೆ ಅಂಗಡಿ, ಕೆಲಸ ಕೇಳೋಕೆ. ಸಾಹುಕಾರ್‌ಗೆ ಗೊತ್ತಾದ್ರೆ ಇದೂ ಹೋಗುತ್ತೆ ಮೇಡಂ."

"ಯಾಕೆ ಬಿಡ್ತೀಯ?"

ಅವನು ಬಲಗೈ ಗುಂಡಿ ಬಿಚ್ಚಿ ತೋಳು ಮೇಲೇರಿಸಿದ. ಮೊಣಕೈವರೆಗೂ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ವೆಂಕಟಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ಕಡಾಯಿ ಇಡೋ ಒಲೆ ಕಾಲು ಮುರಿದಿತ್ತು. ಹೇಳಿದ್ದೆ. ಸಾಹುಕಾರ್ ರಿಪೇರಿ ಮಾಡಿಸಲಿಲ್ಲ. ಎಣ್ಣೆ ಬಿತ್ತು. ಆಸ್ಪತ್ರೇಲಿ, 'ರೂಮಲ್ಲಿ ಅನ್ನ ಬೇಯಿಸೋವಾಗ ಆಯ್ತು ಅಂತ ಹೇಳು, ಇಲ್ಲದಿದ್ರೆ ಕಳ್ಳತನ ಮಾಡಿದ ಅಂತ ಪೊಲೀಸಿಗೆ ಕೊಡ್ತೀನಿ' ಅಂದ್ರು. ಹಾಗೇ ಹೇಳಿದೆ. ನಿಜ ಹೇಳಿದ್ದು ಸಿನಿಮಾದಲ್ಲಿ ಮಾತ್ರ. ನಮ್ಮ ಭಾಷೇಲಿ."

ಶಶಿರೇಖ ಪ್ರೇರಣಾಳ ಕಡೆ ತಿರುಗಿದಳು. "ಇದನ್ನ ಸಾಹುಕಾರ್ರು ನೋಡಿದ್ರಾ?"

"ಬುಧವಾರ ಸ್ವಲ್ಪ ತೋರಿಸಿ ಅಂದ್ರು. ಡಿಸ್ಕ್ ತಗೊಂಡು ಹೋಗಿ ಲ್ಯಾಪ್‌ಟಾಪಲ್ಲಿ ಹಾಕಿದೆ. ಈ ಭಾಗ ಬರೋಷ್ಟರಲ್ಲಿ ನಿಲ್ಲಿಸ್ದೆ. ಆದ್ರೆ..." ಪ್ರೇರಣಾ ತಡೆದಳು. "ಇವನ ಮಾತಿನ ಕನ್ನಡ ಅನುವಾದದ ಮೊದಲ ಸಾಲು ಕೆಳಗೆ ಬಂದಿತ್ತು. ಅವರು ನಗ್ತಾನೇ ಇದ್ರು. ಓದಿಲ್ಲ ಅಂದುಕೊಂಡೆ."

"ಟೇಕ್, ಇವತ್ತು ಅಂಗಡೀಲಿ ಯಾವತ್ತೂ ಇಲ್ಲದ್ದು ಏನಾದ್ರೂ ನಡೀತಾ?"

ಅವನು ಯೋಚಿಸಿದ. "ಸಾಹುಕಾರ್ ಸ್ಟೂಲ್ ಹತ್ತಿದ್ರು. ಚಾಟ್ ಮೇಲೆ ಉದುರಿಸೋ ಸೇವ್ ಡಬ್ಬ ಅಟ್ಟದ ಮೇಲೆ ಇಟ್ರು. ನಾನು ಇಡ್ತೀನಿ ಅಂದ್ರೆ ಬೈದ್ರು. ಅವರು ಸ್ಟೂಲ್ ಹತ್ತಿದ್ದು ನಾನು ನೋಡೇ ಇಲ್ಲ."

"ಮೇಡಂ, ಈಗ್ಲೇ ಓಗಿ ಆ ಡಬ್ಬ ಇಳಿಸ್ಬುಡೋಣ," ಎಂದ ಕಾನ್‌ಸ್ಟೇಬಲ್ ನರೇಶ್.

"ಇಳಿಸಿದ್ರೆ ಏನಾಗುತ್ತೆ ನರೇಶ್? ಆ ಅಂಗಡೀಲಿ ಕೆಲಸ ಮಾಡೋನು ಯಾರು? ಇವನೇ ಕದ್ದು ಅಲ್ಲಿಟ್ಟ ಅಂತ ಸಾಹುಕಾರ್ರು ನಮಗಿಂತ ಮುಂಚೆ ಹೇಳ್ತಾರೆ. ಊರು ನಂಬುತ್ತೆ." ಅವಳು ಹಿತ್ತಲ ಬಾಗಿಲನ್ನು ನೋಡಿದಳು. "ಮೊದಲು ಅವರು ಈ ಮನೆಗೆ ಬಂದಿದ್ರು ಅಂತ ಸಾಬೀತಾಗ್ಬೇಕು."

* * *

ಶನಿವಾರ ಮಧ್ಯಾಹ್ನ. ಹಣ ಕೊಟ್ಟವರಿಗೆ ಏನು ಹೇಳುವುದೆಂದು ಮಾತಾಡಲು ಮಹಾಪೋಷಕರು ಬರಲೇಬೇಕೆಂದು ಪ್ರೇರಣಾ ಫೋನ್ ಮಾಡಿದ್ದಳು. ಶ್ರೀನಿವಾಸಪ್ಪನವರ ಕಾರು ಲೈನಿನ ತುದಿಯಲ್ಲಿ ನಿಂತಿತು. ಇಳಿದು, ನಲ್ಲಿಯ ಹತ್ತಿರದ ಹೆಂಗಸರನ್ನು, "ವೆಂಕಟಮ್ಮ ಅನ್ನುವವರ ಮನೆ ಯಾವುದು?" ಎಂದು ಕೇಳಿಕೊಂಡು ಬಂದರು.

ಕೂರಿಸಿದ್ದು ಹಿಂದಿನ ಕೋಣೆಯಲ್ಲಿ. ನರೇಶ್ ಅಲ್ಲಿರಲಿಲ್ಲ. ವೆಂಕಟಮ್ಮನಿಗೆ ಶಶಿರೇಖ ಒಂದೇ ಮಾತು ಹೇಳಿದ್ದಳು: ಏನೇ ಆಗಲಿ, ಕೂತಲ್ಲಿಂದ ಏಳಬೇಡಿ.

ಗಾಳಿ ತಡಮಾಡಿತು. ಶ್ರೀನಿವಾಸಪ್ಪ ಪ್ರೇರಣಾಳಿಗೆ ಧೈರ್ಯ ಹೇಳಿದರು. ಜನ ಮರೆಯುತ್ತಾರೆ ಎಂದರು. ಟೇಕ್ ಬಹದ್ದೂರನ ಕಡೆ ನೋಡದೆಯೇ, "ಹೊರಗಿನವರನ್ನು ನಂಬಿ ಕೆಡಬಾರದು," ಎಂದರು. ಶಶಿರೇಖ ಕೇಳುತ್ತ ಕೂತಳು. ಒಂದು ಕಣ್ಣು ಹಿತ್ತಲ ಬಾಗಿಲ ಮೇಲೇ ಇತ್ತು. ಇವತ್ತು ಗಾಳಿ ಏಳದಿದ್ದರೆ ನಾಳೆ ಇವರಿಗೆ ಕಾರಣವೇ ಇಲ್ಲ ಇಲ್ಲಿಗೆ ಬರಲು.

ಸೂರಿನ ತಗಡು ಕಿರುಗುಟ್ಟಿತು. ಗುಡ್ಡದ ಕಡೆಯಿಂದ ಸುಯ್ಯೆಂದು ಸದ್ದು. ಹಿತ್ತಲ ಬಾಗಿಲ ಕೆಳಗಿನಿಂದ ಬೂದು ಧೂಳು ಹಾವಿನ ಹಾಗೆ ಒಳಗೆ ಹರಿಯಿತು.

ಯಾರೂ ಏಳಲಿಲ್ಲ.

ಶ್ರೀನಿವಾಸಪ್ಪ ಮಾತಾಡುತ್ತಲೇ ಇದ್ದರು. ಧೂಳು ಅವರ ಚಪ್ಪಲಿ ಮುಟ್ಟಿತು. ಮಾತು ತೊದಲಿತು. ಮೂಗು ಒರೆಸಿಕೊಂಡರು. ವೆಂಕಟಮ್ಮನತ್ತ ನೋಡಿದರು, ಆಕೆ ಕಲ್ಲಿನ ಹಾಗೆ ಕೂತಿದ್ದಳು. "ಭಾನುವಾರದ ವಿಷಯ ಏನೆಂದರೆ," ಎನ್ನುತ್ತ ಎದ್ದರು. ಮಾತು ನಿಲ್ಲಿಸಲಿಲ್ಲ. ಡ್ರಮ್ಮಿನ ಹಿಂದೆ ಕೈ ಹಾಕಿದರು, ಗೋಣಿ ಎಳೆದರು, ನೀರಲ್ಲಿ ಅದ್ದಿ ಹಿಂಡಿದರು. ಎರಡೂ ತುದಿ ಒಳಕ್ಕೆ ಸುತ್ತಿ, ಮಡಚಿ, ಸಂದಿಗೆ ಹಾಕಿ, ಹಿಮ್ಮಡಿಯಿಂದ ಉದ್ದಕ್ಕೂ ಒತ್ತಿದರು.

ಧೂಳು ನಿಂತಿತು. ಶ್ರೀನಿವಾಸಪ್ಪ ತಿರುಗಿದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡಿತು. ತಮ್ಮ ಒದ್ದೆ ಕೈ ನೋಡಿಕೊಂಡರು.

"ತುದಿ ಒಳಕ್ಕೆ ಸುತ್ತೋದು ಈ ಲೈನಾಗೆ ಒಬ್ಬಳೇ," ಎಂದಳು ವೆಂಕಟಮ್ಮ ಮೆಲ್ಲಗೆ. "ಆಂಜಿನಪ್ಪನ ಎಂಡ್ತಿ. ನೀನು ಅವಳ ಮಗ ಸೀನ ಅಲ್ವೇನ್ಲಾ?"

ಶ್ರೀನಿವಾಸಪ್ಪ ಒದ್ದೆ ಕೈಯನ್ನು ಬಿಳಿ ಅಂಗಿಗೆ ಒರೆಸಿಕೊಂಡರು.

ಶಶಿರೇಖ ಎದ್ದು ಫೋನಿನ ಫೋಟೋವನ್ನು ಬಾಗಿಲ ಪಕ್ಕ ಹಿಡಿದಳು. ಶುಕ್ರವಾರದ ಮಡಿಕೆ, ಇವತ್ತಿನ ಮಡಿಕೆ. ಒಂದೇ ಕೈಯದು.

"ಇಲ್ಲಿ ಕಾಲಿಟ್ಟೇ ಇಲ್ಲ ಅಂದ್ರಿ. ಗೋಣಿ ಎಲ್ಲಿರುತ್ತೆ ಅಂತ ಯಾರನ್ನೂ ಕೇಳಲಿಲ್ಲ. ನಿನ್ನೆ ನೀವು ಒಳಗಿದ್ದಾಗ ಗಾಳಿ ಎದ್ದಿತು. ಕದಿಯೋಕೆ ಬಂದ ಮನೆ ಧೂಳಾದ್ರೆ ಕಳ್ಳನಿಗೇನು? ಆದ್ರೆ ನಿಮ್ಮ ಕೈಗೆ ಅದು ಗೊತ್ತಿಲ್ಲ. ಚಿಕ್ಕಂದಿನಿಂದ ಮಾಡಿದ್ದನ್ನ ಮಾಡ್ತು. ಪ್ರೇರಣಾ ಹಾಕಿಲ್ಲ, ಅಜ್ಜಿ ಹಾಕಿಲ್ಲ. ಟೇಕ್‌ಗೆ ಹಾಕೋದೇ ಗೊತ್ತಿಲ್ಲ, ನಾನು ನೋಡಿದೀನಿ. ಅವನು ಅಂಗಡೀಲಿ ಇರಲಿಲ್ಲ ಅಂದ್ರಿ. ನಿಜ. ಹಾಗಾದ್ರೆ ನೀವು ಅಂಗಡೀಲಿದ್ರಿ ಅಂತ ಹೇಳೋರು ಯಾರೂ ಇಲ್ಲ."

ಬಾಗಿಲಲ್ಲಿ ನರೇಶ್ ಬಂದು ನಿಂತ. ಕೈಯಲ್ಲಿ ಸೇವ್ ಡಬ್ಬ. ಪಕ್ಕದ ಅಂಗಡಿಯವರಿಬ್ಬರ ಸಾಕ್ಷಿಯಲ್ಲಿ ಅಟ್ಟದಿಂದ ಇಳಿಸಿದ್ದ. ಮುಚ್ಚಳ ತೆಗೆದ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಪ್ಪು ಡಿಸ್ಕ್. ಪ್ರೇರಣಾ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಆಗ ಅತ್ತಳು.

ಶ್ರೀನಿವಾಸಪ್ಪ ಕುರ್ಚಿಯಲ್ಲಿ ಕುಸಿದರು. ಅಳೆದಾಡುವ ಮಾತು ಎಲ್ಲೋ ಹೋಗಿತ್ತು.

"ಒಡೆದಾಕ್ಬೇಕು ಅಂತಿರ‍್ಲಿಲ್ಲ ಮೇಡಂ. ಅದೊಂದು ತುಂಡು ತೆಗ್ಸಿ ವಾಪಸ್ ಇಡೋನಿದ್ದೆ. ಸಿನಿಮಾದಾಗೆ ನನ್ನೆಸ್ರು ಮೊದಲು ಬತ್ತದೆ. ಅದು ಬೇಕಿತ್ತು." ತಲೆ ಬಗ್ಗಿಸಿದರು. "ಗಣಿ ಮುಚ್ದಾಗ ನಾನೂ ಒಂದು ಬ್ಯಾಗ್ ಇಡ್ಕಂಡು ಬಂಗಾರಪೇಟೆಗೆ ಓದೋನೇ. ಲೈನಿನೋನು ಅಂದ್ರೆ ರೂಮೇ ಕೊಡ್ತಿರ‍್ಲಿಲ್ಲ. ಅದ್ಕೇ ಈ ಲೈನಿನೋನು ಅಂತ ಎಲ್ಲೂ ಏಳ್ಕಳ್ಳಿಲ್ಲ."

"ಅಂಗಾದ್ರೆ ಈ ಉಡ್ಗನ ಸಂಕಟ ನಿಂಗೇ ಗೊತ್ತಿರ‍್ಬೇಕಿತ್ತು ಕಣ್ಲಾ ಸೀನ," ಎಂದಳು ವೆಂಕಟಮ್ಮ.

ಶ್ರೀನಿವಾಸಪ್ಪ ಎದ್ದರು. ನರೇಶ್‌ನ ಹಿಂದೆ ಹೊರಟರು. ನಲ್ಲಿಯ ಹೆಂಗಸರು ಕೊಡ ಇಳಿಸಿ ದಾರಿ ಬಿಟ್ಟರು.

"ಕೈ ಸುಟ್ಟದ್ದನ್ನ ಈಗ ನನ್ನ ಮುಂದೆ ಹೇಳಿದ ಹಾಗೇ ಸ್ಟೇಷನ್ನಲ್ಲೂ ಹೇಳಬೇಕು," ಎಂದಳು ಶಶಿರೇಖ ಟೇಕ್ ಬಹದ್ದೂರನಿಗೆ. "ಅದು ಇನ್ನೊಂದು ಕೇಸು."

"ನಮ್ಮ ಭಾಷೇಲಿ ಹೇಳಬಹುದಾ ಮೇಡಂ?"

"ಹೇಳು. ಬರೆಯೋರನ್ನ ನಾನು ಹುಡುಕ್ತೀನಿ."

ಗದ್ದಲದಲ್ಲಿ ಯಾರದೋ ಕಾಲು ತಾಗಿ ಹಿತ್ತಲ ಬಾಗಿಲ ಗೋಣಿ ಸರಿದಿತ್ತು. ಮತ್ತೆ ಧೂಳು. ಟೇಕ್ ಬಹದ್ದೂರ ಬಗ್ಗಿ ಅದನ್ನು ಎಳೆದು, ಉಂಡೆ ಮಾಡಿ ಸಂದಿಗೆ ತುರುಕಲು ಹೋದ.

"ಅಂಗಲ್ಲಪ್ಪಾ," ಎಂದು ವೆಂಕಟಮ್ಮ ಕೊನೆಗೂ ಕೂತಲ್ಲಿಂದ ಎದ್ದಳು. "ಮೊದ್ಲು ನೆನ್ಸು. ಇಂಡು. ಆಂ, ಈಗ ಮಡ್ಚು. ಕಾಲಿನ ಇಮ್ಮಡಿ ಆಕಿ ಒತ್ತು. ನಾಳೆ ಸಿನಿಮಾ ನೋಡೋಕೆ ಜನ ಬತ್ತಾರೆ, ಮನೆ ಧೂಳಾಗ್ಬಾರ‍್ದು."

ಅವನು ಒತ್ತಿದ. ಗಾಳಿ ಹೊರಗೇ ಉಳಿಯಿತು.