ಮುರಿದ ಅಚ್ಚಿನ ಊರು

ಬೆಟ್ಟ ಬೆಟ್ಟವನ್ನು ಕೂಗಿ ಕರೆದು ಮಾತಾಡಿಸುತ್ತಿದ್ದ ಕಾಲ ಅದು. ಆಗ ಏಳು ಹೊಳೆಯ ಆಚೆಗೆ ಸಂಪಿಗೆಕೋಟೆ ಅಂತ ಒಂದು ರಾಜ್ಯ. ಆ ರಾಜ್ಯದ ಅಂಚಿಗೆ ಎಳ್ಳುಹಟ್ಟಿ ಅಂತ ಒಂದು ಊರು. ಮೂವತ್ತು ಮನೆ, ಒಂದು ಬಾವಿ, ಹನ್ನೆರಡು ಹುಣಿಸೆಮರ, ನಿಂತಲ್ಲಿ ನಿಲ್ಲದ ಎಮ್ಮೆಗಳು.

ಆ ಊರಲ್ಲಿ ಸಿಂಗಾರಿ ಅಂತ ಒಬ್ಬ ಹುಡುಗಿ, ಅವಳ ಅವ್ವ ಮಾರವ್ವ. ಬಟ್ಟೆಗೆ ಅಚ್ಚು ಹಾಕುವುದು ಅವರ ಕಸುಬು. ಮರದ ಅಚ್ಚನ್ನು ಬಣ್ಣಕ್ಕೆ ಒತ್ತಬೇಕು, ಬಟ್ಟೆಯ ಮೇಲಿಡಬೇಕು, ಅಂಗೈಯಿಂದ ಒಂದು ಗುದ್ದು ಗುದ್ದಬೇಕು. ಅವರಲ್ಲಿ ಇದ್ದದ್ದು ನಾಲ್ಕೇ ಅಚ್ಚು. ಒಂದು ಚುಕ್ಕಿ, ಒಂದು ಅಲೆ, ಒಂದು ಎಲೆ, ಒಂದು ಮಾವಿನಕಾಯಿ. ಮಾವಿನಕಾಯಿಯ ಅಚ್ಚು ಒಮ್ಮೆ ಸಿಂಗಾರಿಯ ಕೈಜಾರಿ ಬಿದ್ದು, ಬುಡದಲ್ಲಿ ಒಂದು ಚೂರು ಹಾರಿಹೋಗಿತ್ತು. ಮುರಿದ ಅಚ್ಚು ಮನೆಗಾಗದು, ಒಲೆಗೆ ಹಾಕೇ ಅಂತ ಅವ್ವ ದಿನಾ ಬೈಯುತ್ತಿದ್ದಳು. ಸಿಂಗಾರಿ ಹಾಕುತ್ತಿರಲಿಲ್ಲ. ಅದು ತೀರಿಹೋದ ಅಪ್ಪ ಕೆತ್ತಿದ ಅಚ್ಚು.

ಒಂದು ದಿನ ಅಚ್ಚುಗಳನ್ನೂ ಒಂದು ಬಿಳಿ ಬಟ್ಟೆಯನ್ನೂ ತೊಳೆಯಲು ಸಿಂಗಾರಿ ಹೊಳೆಗೆ ಹೋದಳು. ಸೊಂಟದಲ್ಲಿ ನೀಲಿಬಣ್ಣದ ಕುಡಿಕೆಯೂ ಇತ್ತು. ತೊಳೆದು, ಹಿಂಡಿ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ತಿರುಗಿ ಬಂದರೆ, ಊರೇ ಇಲ್ಲ! ಮನೆ ಇಲ್ಲ, ಬಾವಿ ಇಲ್ಲ, ಮರ ಇಲ್ಲ. ಒರೆಸಿಟ್ಟ ಹಲಗೆಯ ಹಾಗೆ ಬರೀ ನೆಲ. ಊರ ಗಡಿಯ ಕಲ್ಲಿನ ಮೇಲೆ ಗೌಡರ ಮನೆಯ ಗಿಳಿಯೊಂದೇ ಕೂತಿತ್ತು.

ಕೇಳಿದ ಮಾತನ್ನು ಕೇಳಿದ ದನಿಯಲ್ಲೇ ಆಡುವ ಗಿಳಿ ಅದು. ಮೊದಲು ಒಬ್ಬ ಮುದುಕನ ದನಿಯಲ್ಲಿ ಹೇಳಿತು, "ಅಮ್ಮಾ ತಾಯಿ, ನಿಮ್ಮೂರ ಚಿತ್ರ ಬರೆದಿದ್ದೀನಿ, ನೋಡಿ." ಆಮೇಲೆ ಗೌಡತಿಯ ದನಿಯಲ್ಲಿ ಹೇಳಿತು, "ಅಯ್ಯೋ, ಇದ್ದಂಗೇ ಐತೆ ಕಣಪ್ಪ."

ಸಿಂಗಾರಿಗೆ ತಿಳಿದುಹೋಯಿತು. ಸುರುಳಿಮಲ್ಲ ಅಂತ ಒಬ್ಬ ಮಾಯಗಾರ ಇದ್ದಾನೆ, ಊರನ್ನು ಕೂದಲೆಳೆ ತಪ್ಪದ ಹಾಗೆ ಬರೆಯುತ್ತಾನೆ, ನೋಡಿದವರು 'ಇದ್ದಂಗೇ ಐತೆ' ಅಂದರೆ ಸಾಕು, ಅಂದವರೂ ಅವರ ಊರೂ ಚಿತ್ರದೊಳಗೆ ಸೇರಿಹೋಗುತ್ತವೆ, ಅವನು ಸುರುಳಿ ಸುತ್ತಿಕೊಂಡು ಹೋಗುತ್ತಾನೆ ಅಂತ ಹೊಳೆಯ ದಡದ ಅಗಸಗಿತ್ತಿಯರು ಹೇಳುತ್ತಿದ್ದರು. ಎಳ್ಳುಹಟ್ಟಿಯವರದೋ, ಬಂದವರು ಏನು ತೋರಿಸಿದರೂ ಹೊಗಳಬೇಕು ಅನ್ನುವ ಪದ್ಧತಿ. ನಗುವುದಿದ್ದರೆ ಅವರು ಹೋದ ಮೇಲೆ. ಆ ಮರ್ಯಾದೆಯೇ ಊರನ್ನು ನುಂಗಿತು.

ಸಿಂಗಾರಿ ಕಲ್ಲಿನ ಪಕ್ಕ ಕೂತು ಅತ್ತಳು. ಅತ್ತು ಅತ್ತು ಸಾಕಾದ ಮೇಲೆ, ಅವ್ವನ ಮುಖ ಮರೆತುಹೋದೀತು ಅಂತ ಹೆದರಿಕೆಯಾಯಿತು. ಬಿಳಿ ಬಟ್ಟೆಯನ್ನು ಮೂರು ತುಂಡು ಮಾಡಿ ಹಾಸಿ, ಇದ್ದ ನಾಲ್ಕು ಅಚ್ಚಿನಲ್ಲೇ ಊರನ್ನು ಒತ್ತಿದಳು. ಎಲೆಯೇ ಮರವಾಯಿತು. ಅಲೆಯೇ ಉತ್ತ ಹೊಲವಾಯಿತು. ಚುಕ್ಕಿ ದೊಡ್ಡದಾಗಿ ಬಿದ್ದರೆ ಬಾವಿ, ಸಣ್ಣದಾಗಿ ಬಿದ್ದರೆ ಎಮ್ಮೆ. ಮಾವಿನಕಾಯಿಯ ತುದಿ ಮೇಲೆ ಮಾಡಿ ಒತ್ತಿದಳು, ಅದು ಮನೆ. ಮೂರಕ್ಕೂ ಅದೇ ಅಚ್ಚು, ಅದೇ ಊರು. ಹೆಗಲಿಗೆ ಹಾಕಿಕೊಂಡು, ಮಾಯಗಾರನ ಕೋಟೆ ಇದೆ ಅಂತ ಅಗಸಗಿತ್ತಿಯರು ಹೇಳಿದ್ದ ಪಡುವಣಕ್ಕೆ ನಡೆದಳು.

ನಡೆದು ನಡೆದು ಒಂದು ಕಣಿವೆ ಸಿಕ್ಕಿತು. ಕಣಿವೆಗೆ ಅಡ್ಡವಾಗಿ ಕಬ್ಬಿಣದ ಹುಲಿ ಮಲಗಿತ್ತು. ನಾನು ಕಾಣದ್ದೇನಾದರೂ ತೋರಿಸಿದರೆ ದಾರಿ, ಇಲ್ಲದಿದ್ದರೆ ನೀನೇ ನನ್ನ ಊಟ ಅಂದಿತು. ಸಿಂಗಾರಿ ಮೊದಲನೆಯ ಬಟ್ಟೆ ಬಿಡಿಸಿ ಹಿಡಿದಳು.

"ಇದೇನೇ ಇದು, ಹುಣಿಸೆಬೀಜ ಚೆಲ್ಲಿದ ಹಾಗಿದೆ?"

"ನಿನಗೇನು ಕಾಣುತ್ತೋ ಅದೇ ಹುಲಿಯಣ್ಣ."

ಹುಲಿ ನೋಡಿತು. ನಕ್ಕು ನೋಡಿತು, ನಗು ಬಿಟ್ಟು ನೋಡಿತು. ಆ ಎರಡು ಚುಕ್ಕಿ ನನ್ನ ಮರಿಗಳ ಕಣ್ಣಲ್ಲವೇ, ಪೊದೆಯೊಳಗಿಂದ ನನ್ನನ್ನೇ ನೋಡುತ್ತಿವೆ ಅಂತ ಅತ್ತಿತು. ಕಣ್ಣೀರು ಬಿದ್ದಲ್ಲೆಲ್ಲ ಕಬ್ಬಿಣ ಕರಗಿ ಹಳದಿ ಕೂದಲು ಎದ್ದಿತು. ಬಟ್ಟೆಯನ್ನು ಬಾಯಲ್ಲಿ ಕಚ್ಚಿಕೊಂಡು, ಗುಹೆಗೆ ತೂಗುಹಾಕುತ್ತೇನೆ ಅಂತ ಕಾಡಿಗೆ ಹೋಯಿತು.

ನಡೆದು ನಡೆದು ಒಂದು ಕೋಟೆ ಸಿಕ್ಕಿತು. ಕೋಟೆಯ ಸುತ್ತ ಕಂದಕ, ಕಂದಕದಲ್ಲಿ ತಾಮ್ರದ ಮೊಸಳೆ. ಅದೂ ಅದನ್ನೇ ಕೇಳಿತು. ಸಿಂಗಾರಿ ಎರಡನೆಯ ಬಟ್ಟೆ ಹಿಡಿದಳು. "ನಿನಗೇನು ಕಾಣುತ್ತೋ ಅದೇ ಮೊಸಳೆಯಕ್ಕ." ಮೊಸಳೆಗೆ ಹೊಲ ಕಾಣಲಿಲ್ಲ. ಬಿಸಿ ಮರಳಿನ ದಿಣ್ಣೆ ಕಂಡಿತು, ತಾನು ಮೊಟ್ಟೆಯಿಟ್ಟ ದಿಣ್ಣೆ. ತಾಮ್ರ ಸಿಪ್ಪೆಯ ಹಾಗೆ ಕಳಚಿಬಿತ್ತು. ಸಿಂಗಾರಿಯನ್ನು ಬೆನ್ನ ಮೇಲೆ ದಾಟಿಸಿ, ಬಟ್ಟೆಯನ್ನು ಹೊತ್ತುಕೊಂಡು ತನ್ನ ಹೊಳೆಗೆ ಈಜಿತು.

ಕೋಟೆಯೊಳಗೆ ಒಂದು ಮನೆ. ಮನೆಗೆ ನೂರು ಗೋಡೆ. ಗೋಡೆಗೊಂದು ಊರು. ನಡುಮನೆಯಲ್ಲಿ ಒಬ್ಬ ಮುದುಕ ಒಬ್ಬನೇ ಕೂತು ತಣ್ಣನೆಯ ಗಂಜಿ ಕುಡಿಯುತ್ತಿದ್ದ. ಅವನೇ ಸುರುಳಿಮಲ್ಲ.

ಅವನು ಬೈಯಲಿಲ್ಲ. ಬಾ ಮಗಾ ಅಂದ, ಒಂದು ಲೋಟ ಹಾಲು ಕೊಟ್ಟ, ಗೋಡೆಗೋಡೆಗೂ ಕರೆದುಕೊಂಡು ಹೋಗಿ ತೋರಿಸಿದ. ನೂರನೆಯ ಗೋಡೆಯಲ್ಲಿ ಎಳ್ಳುಹಟ್ಟಿ ಇತ್ತು. ಬಾಗಿಲಲ್ಲಿ ಅವ್ವ ಸೌಟು ಎತ್ತಿ ನಿಂತಿದ್ದಳು. ಹುಬ್ಬಿನ ಮೇಲಿನ ಬೆವರಹನಿ ಕೂಡ ಹಾಗೇ ಇತ್ತು.

ನಮ್ಮೂರು ಕೊಟ್ಟುಬಿಡಿ ಅಂತ ಸಿಂಗಾರಿ ಕೈಮುಗಿದಳು. ಕೊಟ್ಟರೆ ನನ್ನ ಗೋಡೆ ಬರಿದಾಗುತ್ತಲ್ಲ, ಬರಿಗೋಡೆ ನೋಡಿಕೊಂಡು ಒಬ್ಬನೇ ಹೇಗಿರಲಿ ಅಂದ ಮುದುಕ. ಆಮೇಲೆ ಮೆಲ್ಲಗೆ ಅಂದ, "ನೀನೇ ಅಲ್ಲಿಗೆ ಹೋಗಬಹುದಲ್ಲ ಮಗಾ. ಒಂದೇ ಮಾತು. ಇದ್ದಂಗೇ ಐತೆ ಅನ್ನು. ಅವ್ವನ ಪಕ್ಕದಲ್ಲೇ ನಿಂತಿರುತ್ತೀ."

ಮಾತು ಸಿಂಗಾರಿಯ ನಾಲಿಗೆಯ ತುದಿಗೆ ಬಂದು ಕೂತಿತು. ಅವ್ವನನ್ನು ನೋಡಿದಳು. ಸೌಟು ಮೇಲೇ ಇತ್ತು. ಇಳಿಯಲಿಲ್ಲ. ಒಲೆಯ ಹೊಗೆಯೂ ಅಲ್ಲಾಡಲಿಲ್ಲ.

"ಇಲ್ಲ ಅಜ್ಜ," ಅಂದಳು. ಹುಟ್ಟಿದಾಗಿನಿಂದ ಒಬ್ಬರ ವಸ್ತುವಿಗೂ ಕೊಂಕು ಹೇಳದವಳು ಅವತ್ತು ಅಂದಳು, "ಇದ್ದಂಗಿಲ್ಲ. ನಮ್ಮವ್ವ ಇಷ್ಟೊತ್ತು ಬಾಯಿ ಮುಚ್ಚಿಕೊಂಡು ನಿಂತವಳೇ ಅಲ್ಲ."

ಸುರುಳಿಮಲ್ಲನಿಗೆ ಹಾಗೆ ಯಾರೂ ಅಂದಿರಲಿಲ್ಲ. ಹಾಗಾದರೆ ನೀನು ಬರೆದು ತೋರಿಸು ಅಂದ. ಸಿಂಗಾರಿ ಉಳಿದ ಒಂದೇ ಬಟ್ಟೆಯನ್ನು ಅವನ ಮನೆಯ ಮೊಳೆಗೆ ತೂಗುಹಾಕಿದಳು.

ಮುದುಕ ಕೆಮ್ಮು ಬರುವಷ್ಟು ನಕ್ಕ. ಎಮ್ಮೆಗೆ ಕಾಲಿಲ್ಲ, ಮರಕ್ಕೆ ಕೊಂಬೆಯಿಲ್ಲ, ಇದು ಯಾವ ಸೀಮೆಯ ಊರು ಅಂದ.

"ನಿಮಗೆ ಯಾವುದು ಕಾಣುತ್ತೋ ಅದೇ ಅಜ್ಜ."

ಮುದುಕ ಹತ್ತಿರ ಹೋದ. ಮಾವಿನಕಾಯಿಯ ಬುಡದಲ್ಲಿ, ಅಚ್ಚು ಮುರಿದ ಜಾಗದಲ್ಲಿ, ಬಣ್ಣ ಹತ್ತದೆ ಬಿಳಿಯಾಗಿ ಉಳಿದಿತ್ತು. ಅಲ್ಲಿ ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು.

"ಬಾಗಿಲು ತೆಗೆದೇ ಐತೆ," ಅಂದ.

ಅವನು ಆರು ವರ್ಷದವನಿದ್ದಾಗ ಹೊಳೆ ಉಕ್ಕಿ ಅವನ ಊರನ್ನು ಕೊಚ್ಚಿಕೊಂಡು ಹೋಗಿತ್ತು. ಊರಿನ ಹೆಸರೂ ನೆನಪಿರಲಿಲ್ಲ, ತಾಯಿಯ ಮುಖವೂ ನೆನಪಿರಲಿಲ್ಲ. ಆಡಲು ಹೋದ ಮಗ ಬರಲಿ ಅಂತ ಅವಳು ಬಾಗಿಲು ಹಾಕುತ್ತಿರಲಿಲ್ಲ, ಅದೊಂದು ಇವತ್ತು ನೆನಪಿಗೆ ಬಂತು ಅಂದ. ನೂರು ಊರು ಕದ್ದು ತಂದು ಗೋಡೆಗೆ ಹಾಕಿದರೂ ಬಾರದ ನೆನಪು.

ಕಣ್ಣಲ್ಲಿ ನೀರಿಟ್ಟುಕೊಂಡು ಮುದುಕ ಪಿಸುಗುಟ್ಟಿದ, "ಅವ್ವಾ... ಇದ್ದಂಗೇ ಐತೆ."

ಅಂದದ್ದೇ ತಡ, ನಡುಮನೆಯಲ್ಲಿ ಅವನಿರಲಿಲ್ಲ. ಬಟ್ಟೆಯ ಮೇಲೆ, ಆ ಬಿಳಿ ಬಾಗಿಲಲ್ಲಿ, ಎಳ್ಳುಕಾಳಿನಷ್ಟು ಒಂದು ನೀಲಿ ಚುಕ್ಕಿ ಮೂಡಿತ್ತು.

ಮಾಯಗಾರ ಹೋದ ಮೇಲೆ ಮಾಯೆ ಎಲ್ಲಿ ನಿಲ್ಲುತ್ತದೆ? ನೂರು ಮೊಳೆ ಉದುರಿದವು. ನೂರು ಊರು ಗೋಡೆಯಿಂದಿಳಿದು, ದನಕರು ಮಕ್ಕಳು ಮರಿ ಸಮೇತ, ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಎಳ್ಳುಹಟ್ಟಿಯ ಜೊತೆ ಸಿಂಗಾರಿಯೂ, ಅವಳ ಹೆಗಲ ಮೇಲೆ ಆ ಬಟ್ಟೆಯೂ ಬಂದವು. ಮಾರವ್ವನ ಸೌಟು ಕೆಳಗಿಳಿಯಿತು.

"ಎಲ್ಲಿ ಹಾಳಾಗಿ ಹೋಗಿದ್ದೆಯೇ? ಹಿಟ್ಟು ಸೀದುಹೋಯಿತು," ಅಂದಳು. ಸಿಂಗಾರಿ ಅವಳನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಆ ಬೈಗುಳ ಅವಳಿಗೆ ಜೇನುತುಪ್ಪದ ಹಾಗಿತ್ತು.

ಆಮೇಲೆ ಸಂಪಿಗೆಕೋಟೆಯ ಮನೆಮನೆಯವರೂ ಬಂದು ಆ ಚಿತ್ರ ಒತ್ತಿದ ಬಟ್ಟೆ ಬೇಕು ಅಂದರು. ಸಿಂಗಾರಿ ಒತ್ತಿದಳು, ಅವರು ಕೊಂಡುಹೋಗಿ ಬಾಗಿಲ ಎದುರುಗೋಡೆಗೆ ಹಾಕಿದರು. ಇದು ನಮ್ಮ ಹುಣಿಸೆಮರ ಅಂತ ಒಬ್ಬ, ಅಲ್ಲ, ತಲೆಗೆ ಸೆರಗು ಹೊದ್ದ ನಮ್ಮತ್ತೆ ಅಂತ ಅವನ ಹೆಂಡತಿ. ಆದರೆ ಅಚ್ಚಿನಲ್ಲಿ ಇಲ್ಲದಿದ್ದರೂ, ಎಷ್ಟು ಒತ್ತಿದರೂ, ಆ ಬಿಳಿ ಬಾಗಿಲಲ್ಲಿ ಎಳ್ಳುಕಾಳಿನಷ್ಟು ಚುಕ್ಕಿ ತಾನಾಗಿ ಬೀಳುತ್ತಿತ್ತು.

ರಾಜನ ಕಿವಿಗೂ ಸುದ್ದಿ ಬಿತ್ತು. ಮುರಿದ ಅಚ್ಚನ್ನು ಸರಿಮಾಡಿಕೊಡು ಅಂತ ಅರಮನೆಯ ಬಡಗಿಯನ್ನೇ ಕಳಿಸಿದ. ಬಡಗಿ ಉಳಿ ಎತ್ತಿದ. ಒಲೆಗೆ ಹಾಕು ಅಂತ ದಿನಾ ಬೈಯುತ್ತಿದ್ದ, ಈಗ ಮಗಳಿಂದ ಮುದುಕನ ಕತೆ ಕೇಳಿದ್ದ ಮಾರವ್ವನೇ ಓಡಿಬಂದು ಅಚ್ಚನ್ನು ಮಡಿಲಿಗೆ ಹಾಕಿಕೊಂಡಳು.

"ಬೇಡಪ್ಪ, ಹಾಗೇ ಇರಲಿ. ನೀನು ಸರಿಮಾಡಿದರೆ ಬಾಗಿಲು ಮುಚ್ಚಿಹೋಗುತ್ತೆ. ಆಡಲು ಹೋದ ಮಗು ಈಗ ತಾನೆ ಮನೆಗೆ ಬಂದಿದೆ."

ಬಡಗಿ ಉಂಡು ಎಲೆಯಡಿಕೆ ಹಾಕಿಕೊಂಡು ಊರಿಗೆ ಹೋದ. ಹುಲಿ ಮರಿಗಳ ಜೊತೆ ಸುಖವಾಗಿತ್ತು, ಮೊಸಳೆ ಮರಳಿನ ಮೇಲೆ ಸುಖವಾಗಿತ್ತು, ಎಳ್ಳುಹಟ್ಟಿಯಲ್ಲಿ ಮಾರವ್ವ ಬೈಯುತ್ತ, ಸಿಂಗಾರಿ ಬೈಸಿಕೊಳ್ಳುತ್ತ ಸುಖವಾಗಿದ್ದರು. ಅವರ ಒಲೆಯ ಹೊಗೆ ಅಲ್ಲಿ ಮೇಲೇರುತ್ತಲೇ ಇದೆ, ನಮ್ಮ ಕತೆ ಇಲ್ಲಿಗೆ ಕೆಳಗಿಳಿಯಿತು.