ಕೂತಲ್ಲಿಂದಲೇ ಒಂದು ‘ಏಯ್’

ಜಪಾನಿನ ಕೋಬೆಯಲ್ಲಿ ಹಳೆಯ ಸ್ಟೀರಿಯೋ ರಿಪೇರಿ ಮಾಡುವ ನಾನು ದೆವ್ವ ನಂಬುವವನಲ್ಲ. ತಂತಿ ಸಡಿಲವಾದರೆ ಏನೇನೋ ಸದ್ದು ಬರುತ್ತದೆ, ಅಷ್ಟೇ. ಆದರೆ ಶಿಗೆನೊ ಅಜ್ಜಿಯ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಮೊಮ್ಮಗಳು ಫೋನಿಗೆ ಕಳಿಸಿದ ಹಾಡನ್ನು ತೀರಿಹೋದ ಗಂಡನ ಸ್ಟೀರಿಯೋದಲ್ಲಿ ಕೇಳಬೇಕೆಂಬುದು ಅಜ್ಜಿಯ ಆಸೆ. ಮಧ್ಯಾಹ್ನ ಹೋಗಿ ಅದಕ್ಕೊಂದು ಬ್ಲೂಟೂತ್ ಡಬ್ಬಿ ಸಿಕ್ಕಿಸಿದೆ. ಹಾಡು ಶುರುವಾಯಿತು. ನಡುವೆ ಯಾರೋ ಗೊಣಗಿದಂತಾಯಿತು. ಟಕ್! ಫೋನೋ ರೆಕಾರ್ಡೋ ಎಂದು ಆರಿಸುವ ದೊಡ್ಡ ಗುಂಡಿ ತಾನಾಗಿ ರೆಕಾರ್ಡಿನ ಕಡೆಗೆ ತಿರುಗಿ ಹಾಡು ನಿಂತಿತು. ವಾಪಸ್ ತಿರುಗಿಸಿದೆ. ಮತ್ತೆ ಗೊಣಗು, ಮತ್ತೆ ಟಕ್. ಮೂರನೇ ಸಲ ವಾಪಸ್ ತಿರುಗಿಸುವಾಗ ಗುಂಡಿ ಮಂಜುಗಡ್ಡೆಯ ಹಾಗೆ ಕೊರೆಯುತ್ತಿತ್ತು. ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡೆ.

“ಅಜ್ಜೀ, ಯಜಮಾನ್ರಿಗೆ ಫೋನಿನ ಹಾಡು ಹಿಡಿಸ್ಲಿಲ್ಲ ಅನ್ಸುತ್ತೆ.”

“ಅವ್ರಾ? ಸಾಧ್ಯಾನೇ ಇಲ್ಲ ಬಿಡಪ್ಪ! ನಲವತ್ತೆರಡು ವರ್ಷದಲ್ಲಿ ಒಂದಿನ ಎದ್ದು ಗುಂಡಿ ಮುಟ್ಟಿದೋರಲ್ಲ. ಕೂತಲ್ಲಿಂದಲೇ ‘ಏಯ್’ ಅನ್ನೋರು. ನಾನು ಒಲೆ ಮೇಲಿನ ಸಾರು ಬಿಟ್ಟು ಓಡಿಬಂದು ತಿರುಗಿಸ್ಬೇಕು.”

ಅಷ್ಟರಲ್ಲಿ, ಕರೆಂಟೇ ಇಲ್ಲದ ಸ್ಪೀಕರಿನಿಂದ ಗಂಡಸಿನ ದನಿಯೊಂದು ಸೋಮಾರಿಯಾಗಿ ಕರೆಯಿತು: “ಏಯ್.”

ಅಜ್ಜಿ ಅಭ್ಯಾಸಬಲದಿಂದ ಅರ್ಧ ಎದ್ದರು. ಅವರು ಪೂರ್ತಿ ಏಳುವ ಮೊದಲೇ ಗುಂಡಿ ಟಕ್ಕೆಂದು ತಿರುಗಿತು.

ನಾನು ಪ್ಲಗ್ ಕೈಬಿಟ್ಟು ಬಾಗಿಲ ಕಡೆ ಸರಿದೆ. ಅಜ್ಜಿಯ ಮುಖ ಮಾತ್ರ ಸಿಟ್ಟಿನಿಂದ ಕೆಂಪಾಗಿತ್ತು.

“ಇವ್ರು ಅಲ್ಲೂ ಕೂತಲ್ಲೇ ಕೂತಿದ್ದಾರೆ. ಹಾಗಾದ್ರೆ ಎದ್ದು ತಿರುಗಿಸಿಕೊಡ್ತಿರೋಳು ಯಾವಳು?”

ಗಂಡನ ಪಟದ ಮುಂದೆ ದಿನಾ ಇಡುತ್ತಿದ್ದ ಅನ್ನದ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದರು. ಇವತ್ತಿನವರೆಗೂ ವಾಪಸ್ ಇಟ್ಟಿಲ್ಲ.